ಏರ್‌ಸಾಫ್ಟ್ ಎಕೆಎಂ ಕಟ್ಟೋದು: ಮೊದಲು ಒಳಗಿನ ಕೆಲಸವಾ, ಮರದ ಕೆಲಸವಾ?

ಹಾಸನದ_ಎಕೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ ಇದ್ದೇನೆ. ಭಾನುವಾರ ಬಿಡುವಾದಾಗ ಕಾಡಿನ ಮೈದಾನದಲ್ಲಿ ಏರ್‌ಸಾಫ್ಟ್ ಆಡುತ್ತೇನೆ, ಅಂದರೆ ನಿಜದಂತೆ ಕಾಣುವ ಆಟಿಕೆ ಬಂದೂಕಿನಿಂದ ಬಿಬಿ ಅನ್ನೋ ಸಣ್ಣ ಪ್ಲಾಸ್ಟಿಕ್ ಗುಂಡು ಹೊಡೆಯುವ ಆಟ. ಇಂಥ ಬಂದೂಕು ಕೊಳ್ಳಲು ಇಲ್ಲಿನ ಆಟಗಾರರು ಮಾಡಿಸುವ ಯುಕಾರಾ ನೋಂದಣಿ ಮೊನ್ನೆ ಬಂತು. ಅದಾದ ಮೇಲೆ ಉಕ್ಕಿನ ಬಾಡಿ ಇರುವ ಒಂದು ಎಲೆಕ್ಟ್ರಿಕ್ ಎಕೆಎಂ (ಎಕೆ-47ರ ಸುಧಾರಿತ ರೂಪದ ನಕಲು) ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ.

ಆಸೆ ಏನಂದರೆ, ನೋಡಿದವರು ಇದು ಸೋವಿಯತ್ ಎಕೆಎಂ ಅನ್ನಬೇಕು. ಆಟದಲ್ಲೂ ಚೆನ್ನಾಗಿ ಹೊಡೆಯಬೇಕು. ಕಾರ್ಟ್‌ನಲ್ಲಿ ಇಷ್ಟು ಹಾಕಿಟ್ಟಿದ್ದೇನೆ: ಹಳೇ ಸರ್‌ಪ್ಲಸ್ ಮರದ ಸೆಟ್, ಬೇಕಲೈಟ್ ಮ್ಯಾಗಜೀನ್, ಎಕೆ-74ರ ದಪ್ಪ ಮಝಲ್ ಬ್ರೇಕ್ (ನಳಿಗೆಯ ತುದಿಗೆ ಹಾಕುವ ಭಾಗ), ಮಡಚುವ ಸ್ಟಾಕ್ (ಹೆಗಲಿಗಿಡುವ ಹಿಂಭಾಗ), ಒಳಗಿನ ಅಳತೆ 6.03 ಮಿಲಿಮೀಟರ್ ಇರುವ ಬ್ಯಾರಲ್, ಹೈ ಸ್ಪೀಡ್ ಗೇರ್, ಎಂ120 ಸ್ಪ್ರಿಂಗ್.

ಈಗಿನ ತೊಂದರೆ: ಒಂದು ಬಿಬಿ ಮೇಲಕ್ಕೆ ಏರುತ್ತದೆ, ಮುಂದಿನದು 30 ಮೀಟರ್‌ಗೇ ಬೀಳುತ್ತದೆ. ವೇಗ ಅಳೆಯುವ ಕ್ರೋನೊದಲ್ಲೂ ಪ್ರತಿ ಸಲ ಬೇರೆ ಸಂಖ್ಯೆ. ಎಲ್ಲ ಒಟ್ಟಿಗೆ ಕೊಳ್ಳೋಕೆ ದುಡ್ಡಿಲ್ಲ. ಯಾವುದು ಮೊದಲು?

ಬರ್ಚ್_ಮರ

ಕಾರ್ಟ್ ಪಕ್ಕಕ್ಕಿಡಿ ಸಾರ್. ಮೊದಲು ಒಂದು ಕಾಗದದ ಮೇಲೆ ಎರಡು ವಿಷಯ ಬರೆಯಿರಿ: ಯಾವ ವರ್ಷದ ರೈಫಲ್, ಯಾವ ಕಾರ್ಖಾನೆಯದು. ಇದನ್ನು ನಿರ್ಧರಿಸದೆ ಕೊಂಡ ಒಂದೊಂದು ಭಾಗವೂ ಆಮೇಲೆ ಡಬ್ಬದಲ್ಲಿ ಉಳಿಯುತ್ತದೆ. ನಿಮ್ಮ ಪಟ್ಟಿಯಲ್ಲೇ ನೋಡಿ. ಎಕೆ-74ರ ಮಝಲ್ ಬ್ರೇಕ್ ಎಕೆಎಂಗೆ ಸೇರಿದ್ದಲ್ಲ.

ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ 'ಎಕೆ-47' ಅಂತ ಒಂದೇ ಹೆಸರು ಹೇಳುತ್ತಾರೆ, ಆದರೆ ಅದರೊಳಗೆ ಮೂರು ನಾಲ್ಕು ಬೇರೆ ಬೇರೆ ರೈಫಲ್‌ಗಳಿವೆ. 1950ರ ದಶಕದ ಎಕೆಯ ರಿಸೀವರನ್ನು (ನಡುವಿನ ಮುಖ್ಯ ಪೆಟ್ಟಿಗೆ) ಉಕ್ಕಿನ ಗಟ್ಟಿಯನ್ನು ಕೊರೆದು ಮಾಡುತ್ತಿದ್ದರು. ಅದರ ಮೇಲಿನ ಮುಚ್ಚಳ ನುಣುಪು. 1959ರಲ್ಲಿ ಬಂದ ಎಕೆಎಂ ರಿಸೀವರ್ 1 ಮಿಲಿಮೀಟರ್ ತಗಡನ್ನು ಮಡಚಿ ಮಾಡಿದ್ದು. ತೂಕ ಇಳಿಯಿತು, ಕೆಲಸ ಬೇಗ ಆಯಿತು. ತಗಡು ಬಾಗದಿರಲಿ ಅಂತ ಮುಚ್ಚಳದ ಮೇಲೆ ಅಡ್ಡ ಉಬ್ಬುಗಳು ಬಂದವು. ಮ್ಯಾಗಜೀನ್ ಬಾಯಿಯ ಮೇಲೆ ಎರಡೂ ಕಡೆ ಒಂದು ಸಣ್ಣ ಒತ್ತು ಗುಳಿ ಇರುತ್ತದೆ, ಮ್ಯಾಗಜೀನ್ ಅಲ್ಲಾಡದಿರಲಿ ಅಂತ. ಕೆಳಗಿನ ಮರದ ಹಿಡಿ ಎಕೆಎಂನಲ್ಲಿ ಅಂಗೈ ತುಂಬುವಂತೆ ಉಬ್ಬಿರುತ್ತದೆ, ಹಳೆಯ ಎಕೆಯಲ್ಲಿ ತೆಳ್ಳಗಿರುತ್ತದೆ.

ಇನ್ನು ಬ್ಯಾರಲ್ ಬಾಯಿಯ ವಿಷಯ. ತೀರಾ ಮೊದಲ ಎಕೆಎಂಗಳಿಗೆ ತುದಿಯಲ್ಲಿ ಬರೀ ಒಂದು ನಟ್ ಇತ್ತು. ಆಮೇಲೆ ಓರೆಯಾಗಿ ಕತ್ತರಿಸಿದ ಕಾಂಪೆನ್ಸೇಟರ್ ಬಂತು. ನಿಜವಾದ ರೈಫಲ್‌ನಲ್ಲಿ ಅದು ಗ್ಯಾಸನ್ನು ಒಂದು ಕಡೆ ತಿರುಗಿಸಿ ಬಾಯಿ ಮೇಲೇಳದಂತೆ ತಡೆಯುತ್ತದೆ. ನಮ್ಮ ಆಟಿಕೆಯಲ್ಲಿ ಗ್ಯಾಸೇ ಇಲ್ಲ, ಹಾಗಾಗಿ ಅದು ಬರೀ ನೋಟಕ್ಕೆ. ಎಕೆಎಂ ತುದಿಯದು 14 ಮಿಲಿಮೀಟರ್ ಎಡ ತಿರುವಿನ ಥ್ರೆಡ್. ಏರ್‌ಸಾಫ್ಟ್‌ನಲ್ಲಿ ಹೆಚ್ಚಾಗಿ ಬಳಸುವುದೂ ಅದೇ. ಎಕೆ-74ರ ದಪ್ಪ ಬ್ರೇಕ್ ಕೂರುವುದು ಮುಂದಿನ ಸೈಟ್ ಬ್ಲಾಕಿನ 24 ಮಿಲಿಮೀಟರ್ ಥ್ರೆಡ್ ಮೇಲೆ. ನಿಮ್ಮದಕ್ಕೆ ಹಾಕಬೇಕಾದರೆ ಅಡಾಪ್ಟರ್ ಬೇಕು, ಹಾಕಿದರೂ ಕಾಣೋಕೆ ಸರಿಯಾಗಲ್ಲ.

ಮರದ ಸ್ಟಾಕ್ ಇರುವ 1970ರ ಸುಮಾರಿನ ಇಝೆವ್‌ಸ್ಕ್ ಎಕೆಎಂ ಮಾಡಿ ಅಂತ ನನ್ನ ಸಲಹೆ. ಪದರ ಪದರವಾಗಿ ಅಂಟಿಸಿದ ಬರ್ಚ್ ಮರ, ಕೆಂಗಂದು ಬಣ್ಣದ ಪಿಸ್ತೂಲ್ ಹಿಡಿ, ಓರೆ ಬಾಯಿ, ಗೆರೆ ಇರುವ ಉಕ್ಕಿನ ಮ್ಯಾಗಜೀನ್ ಅಥವಾ ಕಿತ್ತಳೆ ಮ್ಯಾಗಜೀನ್. ಇಝೆವ್‌ಸ್ಕ್ ಮುದ್ರೆ ತ್ರಿಕೋನದೊಳಗೆ ಬಾಣ. ತುಲಾ ಕಾರ್ಖಾನೆಯದು ನಕ್ಷತ್ರ. ಸೆಲೆಕ್ಟರ್ (ಒಂಟಿ ಹೊಡೆತವೋ ಆಟೊವೋ ಆರಿಸುವ ಲಿವರ್) ಪಕ್ಕದ ಅಕ್ಷರ ರಷ್ಯನ್‌ದು ಇರಬೇಕು. ಅಲ್ಲಿ ಡಿ ಮತ್ತು ಇ ಇದ್ದರೆ ಅದು ಪೂರ್ವ ಜರ್ಮನಿಯದು. ಮಡಚುವ ಸ್ಟಾಕ್ ಬೇಕೇ ಬೇಕು ಅಂದರೆ ಅದು ಎಕೆಎಂಎಸ್, ಕೆಳಕ್ಕೆ ಮಡಚುವ ಕಬ್ಬಿಣದ್ದು. ಅದು ಇನ್ನೊಂದು ಪ್ರಾಜೆಕ್ಟ್ ಅಂತಲೇ ಇಟ್ಟುಕೊಳ್ಳಿ.

ಒಸಾಕಾ_ಉಡುಪಿ

ಬರ್ಚ್ ಅಣ್ಣ ಹೊರಗಿಂದು ಹೇಳಿದರು, ನಾನು ಒಳಗಿಂದು ಹೇಳ್ತೀನಿ. ಬಿಬಿ ಒಂದು ಮೇಲೆ ಒಂದು ಕೆಳಗೆ ಹೋಗ್ತಿದ್ದರೆ ಸ್ಪ್ರಿಂಗ್ ಜಾಸ್ತಿ ಮಾಡಿದರೆ ಏನೂ ಸರಿ ಹೋಗಲ್ಲ. ತಪ್ಪು ಇನ್ನೂ ಜೋರಾಗಿ ಕಾಣುತ್ತೆ ಅಷ್ಟೇ.

ಜಪಾನಿನಲ್ಲಿ 6 ಮಿಲಿಮೀಟರ್ ಬಿಬಿಗೆ ಮಿತಿ 0.98 ಜೂಲ್. ಅದರ ಮೇಲೆ ಹೋಗೋ ಹಾಗೇ ಇಲ್ಲ. ಹಾಗಾಗಿ ಇಲ್ಲಿಯವರು ಇಡೀ ಗಮನ ಹಾಪ್-ಅಪ್ (ಬಿಬಿಗೆ ಹಿಂದಕ್ಕೆ ತಿರುವು ಕೊಟ್ಟು ದೂರ ಕಳಿಸುವ ಭಾಗ) ಮೇಲೆ, ಗಾಳಿ ಸೋರದಿರೋದರ ಮೇಲೆ ಇಡುತ್ತಾರೆ. ಎಲೆಕ್ಟ್ರಿಕ್ ಏರ್‌ಸಾಫ್ಟ್ ಶುರುವಾದದ್ದೂ ಇಲ್ಲೇ, 1991ರಲ್ಲಿ ಟೋಕಿಯೋ ಮರುಯಿ ಕಂಪನಿ ಮಾಡಿದ ಫಾಮಾಸ್ ಅನ್ನೋ ಫ್ರೆಂಚ್ ರೈಫಲಿನ ನಕಲಿನಿಂದ. ಕಡಿಮೆ ಶಕ್ತಿಯಲ್ಲೇ ದೂರಕ್ಕೆ, ನೇರಕ್ಕೆ ಕಳಿಸೋದು ಹೇಗೆ ಅಂತ ಅವರು ಯೋಚನೆ ಮಾಡಿದ್ದಾರೆ. ಅದನ್ನೇ ಹಿಡಿಯಿರಿ.

ನಿಮ್ಮದು ವರ್ಷನ್ 3 ಗೇರ್‌ಬಾಕ್ಸ್ (ಸ್ಪ್ರಿಂಗ್ ಎಳೆದು ಬಿಟ್ಟು ಗಾಳಿಯಿಂದ ಬಿಬಿ ತಳ್ಳುವ ಯಂತ್ರ) ಆಗಿರುತ್ತೆ. ಎಕೆಗೆ ಅದೇ. ಮೋಟರ್ ಒಂದು ಲೋಹದ ಪಂಜರದಲ್ಲಿ ಗೇರ್‌ಬಾಕ್ಸ್‌ಗೇ ಸ್ಕ್ರೂ ಆಗಿ ಕೂತಿರುತ್ತೆ. ಅಮೆರಿಕದ ಎಂ4 ರೈಫಲಿನ ನಕಲುಗಳಲ್ಲಿರುವ ವರ್ಷನ್ 2ಕ್ಕಿಂತ ಇದರ ಮುಂಭಾಗ ಗಟ್ಟಿ. ಬಿಚ್ಚುವ ಮೊದಲು ಮ್ಯಾಗಜೀನ್ ತೆಗೀರಿ, ಒಳಗೆ ಉಳಿದ ಬಿಬಿ ಹೊಡೆದು ಖಾಲಿ ಮಾಡಿ, ಬ್ಯಾಟರಿ ತೆಗೆದು ಬೇರೆ ಕೋಣೆಯಲ್ಲಿಡಿ. ಗೇರ್ ಹಿಂದಕ್ಕೆ ತಿರುಗದಂತೆ ತಡೆಯುವ ಆಂಟಿ-ರಿವರ್ಸಲ್ ಲ್ಯಾಚ್ ಬಿಡಿಸಿ ಸ್ಪ್ರಿಂಗಿನ ಒತ್ತಡ ಇಳಿಸಿ. ಮುಚ್ಚಳ ತೆಗೆಯುವಾಗ ಸ್ಪ್ರಿಂಗ್ ಗೈಡನ್ನು ಹಿಂದಿನಿಂದ ಸ್ಕ್ರೂಡ್ರೈವರ್ ಇಟ್ಟು ಹಿಡಿದುಕೊಳ್ಳಿ, ಕನ್ನಡಕ ಹಾಕಿಕೊಂಡೇ ಬಿಚ್ಚಿ. ಪ್ರತಿ ಹಂತಕ್ಕೂ ಫೋನಲ್ಲಿ ಫೋಟೊ ತೆಗೀರಿ. ಶಿಮ್‌ಗಳು (ತೆಳು ಬಿಲ್ಲೆಗಳು) ಯಾವ ಗೇರಿನ ಯಾವ ಕಡೆ ಇದ್ದವು ಅಂತ ಆಮೇಲೆ ನೆನಪಿರಲ್ಲ.

ಆಮೇಲೆ ಈ ಪರೀಕ್ಷೆ ಮಾಡಿ. ಸಿಲಿಂಡರ್, ಸಿಲಿಂಡರ್ ಹೆಡ್, ನಾಝಲ್, ಪಿಸ್ಟನ್ ಇಷ್ಟೇ ಜೋಡಿಸಿ. ನಾಝಲ್ ಬಾಯಿಗೆ ಬೆರಳು ಒತ್ತಿ ಪಿಸ್ಟನ್ ತಳ್ಳಿ. ಗಟ್ಟಿಯಾಗಿ ನಿಂತರೆ ಒಳ್ಳೆಯದು. ಮೆಲ್ಲಗೆ ಒಳಗೆ ಜಾರಿದರೆ ಗಾಳಿ ಸೋರ್ತಿದೆ. ಎಲ್ಲಿಂದ ಅಂತ ಒಂದೊಂದೇ ನೋಡಿ. ಪಿಸ್ಟನ್ ಹೆಡ್‌ನ ಒ-ರಿಂಗ್ ಸಡಿಲ ಇದ್ದರೆ ಬದಲಿಸಿ. ಸಿಲಿಂಡರ್ ಹೆಡ್ ಸಡಿಲ ಇದ್ದರೆ ಅದರ ಒ-ರಿಂಗ್ ಕೆಳಗೆ ಪ್ಲಂಬರ್‌ಗಳ ಟೆಫ್ಲಾನ್ ಟೇಪ್ ಸುತ್ತಿದರೂ ಸಾಕು. ನಾಝಲ್‌ಗೆ ಒಳಗೆ ಒ-ರಿಂಗ್ ಇರೋದನ್ನೇ ಕೊಳ್ಳಿ. ಎಕೆಯದೇ ಕೊಳ್ಳಿ, ಎಂ4ನ ನಾಝಲ್ ಉದ್ದ ಬೇರೆ.

ಎಲ್ಲಕ್ಕಿಂತ ಮುಖ್ಯ ಹಾಪ್ ರಬ್ಬರ್, ಅಂದರೆ ಬಕಿಂಗ್. ಸೆಕೆಂಡ್ ಹ್ಯಾಂಡ್ ಅಂದರೆ ಅದು ಒಣಗಿ ಗಟ್ಟಿಯಾಗಿರೋ ಸಾಧ್ಯತೆ ಜಾಸ್ತಿ. ಅಥವಾ ಯಾರೋ ಒಳಕ್ಕೆ ಸಿಲಿಕಾನ್ ಎಣ್ಣೆ ಸಿಂಪಡಿಸಿರುತ್ತಾರೆ. ಬಿಬಿ ಹಿಡಿದು ಹಿಂದಕ್ಕೆ ತಿರುಗಿಸೋದೇ ಆ ರಬ್ಬರ್ ಕೆಲಸ. ಅದರ ಮೇಲೆ ಎಣ್ಣೆ ಬಿದ್ದರೆ ಬಿಬಿ ಒಮ್ಮೆ ತಿರುಗುತ್ತೆ, ಒಮ್ಮೆ ಜಾರುತ್ತೆ. ನಿಮ್ಮ ರೋಗ ಇದೇ ಅಂತ ನನಗೆ ಅನ್ನಿಸುತ್ತೆ. ಹೊಸ ರಬ್ಬರ್, ಜೊತೆಗೆ ಅದಕ್ಕೆ ಹೊಂದುವ ನಬ್ (ರಬ್ಬರನ್ನು ಬಿಬಿ ಮೇಲೆ ಒತ್ತುವ ಚೂರು) ಹಾಕಿ. ಬ್ಯಾರಲ್ ಒಳಗೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. 6.03 ಬ್ಯಾರಲ್ ಈಗಲೇ ಬೇಡ. ಇರೋ ಬ್ಯಾರಲ್ ಶುಚಿ ಮಾಡಿ ಮೊದಲು ಹೊಡೆದು ನೋಡಿ.

ಇನ್ನೊಂದು. ಎಕೆಯ ಹಾಪ್ ಲಿವರ್ ಮುಂದೆ ಹಿಂದೆ ಜಾರುವಂಥದ್ದು. ಚಾರ್ಜಿಂಗ್ ಹ್ಯಾಂಡಲ್ ಹಿಂದಕ್ಕೆಳೆದರೆ ಕಾಣುತ್ತೆ. ಹೊಡೀತಾ ಹೊಡೀತಾ ಅದುರಿ ಜಾಗ ಬಿಡುವುದುಂಟು. ಲಿವರ್ ಸಡಿಲ ಇದ್ದರೆ ಕೆಳಗೆ ಒಂದು ತೆಳು ರಬ್ಬರ್ ಕೊಟ್ಟು ಬಿಗಿ ಮಾಡಿ.

ಹಾಸನದ_ಎಕೆ

ಅಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಎಂ120 ಬೇಡವೇ ಬೇಡವಾ? ದೂರ ಹೋಗಲ್ವಾ?

ಮ್ಯೂನಿಕ್_ಮಲೆನಾಡು

ಬೇಡವೇ ಬೇಡ. ಲೆಕ್ಕ ನೋಡಿ. ಎಂ120 ಅಂದರೆ ಹೆಚ್ಚು ಕಡಿಮೆ ಸೆಕೆಂಡಿಗೆ 120 ಮೀಟರ್, 0.20 ಗ್ರಾಂ ಬಿಬಿಗೆ. ಅಂದರೆ 1.44 ಜೂಲ್. ಬ್ರಿಟನ್ನಿನಲ್ಲಿ 2017ರ ಕಾನೂನಿನ ಪ್ರಕಾರ ಆಟೊ (ಒತ್ತಿ ಹಿಡಿದರೆ ಸತತ ಹೊಡೆಯುವುದು) ಇರುವ ಏರ್‌ಸಾಫ್ಟ್‌ಗೆ ಮಿತಿ 1.3 ಜೂಲ್, ಸಿಂಗಲ್ ಶಾಟ್ ಮಾತ್ರ ಇರುವುದಕ್ಕೆ 2.5 ಜೂಲ್. ನಿಮ್ಮ ಎಕೆಎಂನಲ್ಲಿ ಆಟೊ ಇದೆ. ಮಿತಿ ದಾಟಿದರೆ ಕಾನೂನು ಅದನ್ನು ಏರ್‌ಸಾಫ್ಟ್ ಅಂತ ನೋಡಲ್ಲ, ಫೈರ್‌ಆರ್ಮ್ ಅಂತ ನೋಡುತ್ತದೆ. ಮೈದಾನದವರು ವಾಪಸ್ ಕಳಿಸೋದು ಆಮೇಲಿನ ಮಾತು.

ಎಂ100 ಹಾಕಿ. ಸೆಕೆಂಡಿಗೆ 100 ಮೀಟರ್, 328 ಎಫ್‌ಪಿಎಸ್ (ಸೆಕೆಂಡಿಗೆ ಅಡಿ), ಸರಿಯಾಗಿ 1 ಜೂಲ್. ಬಹಳ ಮೈದಾನಗಳ 350 ಎಫ್‌ಪಿಎಸ್ ಮಿತಿ ಅಂದರೆ 1.14 ಜೂಲ್. ಅದರೊಳಗೆ ಆರಾಮಾಗಿ ಇರ್ತೀರಿ. ದೂರ ಬೇಕಾದರೆ ಬಿಬಿ ತೂಕ ಏರಿಸಿ. ಕಾಡಲ್ಲಿ 0.28 ಅಥವಾ 0.30 ಗಾಳಿಗೆ ಕಡಿಮೆ ತಿರುಗುತ್ತದೆ.

ಜರ್ಮನಿಯಲ್ಲಿ ನಮಗೆ ಆಟೊ ಬೇಕಾದರೆ ಅರ್ಧ ಜೂಲ್ ಮಾತ್ರ. ಅಂದರೆ ಸುಮಾರು 232 ಎಫ್‌ಪಿಎಸ್. ಅದರ ಮೇಲಿನದಕ್ಕೆ ಸೆಮಿ (ಒಂದು ಸಲ ಒತ್ತಿದರೆ ಒಂದೇ ಹೊಡೆತ) ಮಾತ್ರ, ಎಫ್ ಅನ್ನೋ ಅಧಿಕೃತ ಗುರುತು ಇರಲೇಬೇಕು. ಈ ಅರ್ಧ ಜೂಲ್‌ನಲ್ಲೂ ಹಾಪ್ ಸರಿ ಇದ್ದರೆ ಒಳ್ಳೇ ಆಟ ಆಡಬಹುದು. ಒಸಾಕಾ ಮೇಡಂ ಹೇಳಿದ್ದು ಪೂರ್ತಿ ಸತ್ಯ.

ಹೈ ಸ್ಪೀಡ್ ಗೇರ್ ಕೂಡ ತೆಗೆದುಬಿಡಿ. ಮಾಮೂಲಿ 18:1 ಗೇರೇ ಇರಲಿ. ಎಕೆಎಂ ಅನ್ನೋ ರೈಫಲ್ ನಿಮಿಷಕ್ಕೆ 600ರ ವೇಗದಲ್ಲಿ ಹೊಡೆಯುವಂಥದ್ದು. ಸೆಕೆಂಡಿಗೆ ಹತ್ತು. ನೋಟಕ್ಕೆ ಅಷ್ಟು ಕಷ್ಟಪಟ್ಟು ಆಮೇಲೆ ಹೊಲಿಗೆ ಮಷಿನ್ ಸದ್ದು ಬಂದರೆ ಸರಿಯಾಗಲ್ಲ.

ಕ್ರಾಕೋವ್_ಕಡೂರು

ನನ್ನದು ಬೇರೆ ಅಭಿಪ್ರಾಯ. ಎಲ್ಲರೂ ಮರದ ಎಕೆ, ಮರದ ಎಕೆ ಅಂತೀರಿ. ಎಕೆಯ ಸೊಗಸು ಅದು ಬದಲಾಗೋದರಲ್ಲಿ ಇದೆ. ನಾನು ಎಕೆ-74ಎಂ ಇಟ್ಟುಕೊಂಡು ರಷ್ಯಾದ ಝೆನಿಟ್‌ಕೊ ಕಂಪನಿ ಶೈಲಿಯ ರೈಲ್ (ಬೇರೆ ಸಲಕರಣೆ ಸಿಕ್ಕಿಸುವ ಪಟ್ಟಿ) ಇರುವ ಹ್ಯಾಂಡ್‌ಗಾರ್ಡ್, ಆರ್‌ಕೆ-3 ಹಿಡಿ, ಪಿಟಿ-1 ಸ್ಟಾಕ್, ಮೇಲೆ ರೆಡ್ ಡಾಟ್ ಸೈಟ್ ಹಾಕಿದ್ದೇನೆ. ಆಟದಲ್ಲಿ ಗುರಿ ಬೇಗ ಸಿಗುತ್ತದೆ. ಸ್ಟಾಕಿನ ಉದ್ದ ನನ್ನ ತೋಳಿಗೆ ಸರಿಹೊಂದುತ್ತದೆ. ಹಳೇ ಎಕೆಎಂ ಸ್ಟಾಕ್ ಗಿಡ್ಡ, ಕಬ್ಬಿಣದ ಸೈಟ್ ಕಾಡಿನ ನೆರಳಲ್ಲಿ ಕಾಣಲ್ಲ. ಹಾಸನದವರು ಗೆಲ್ಲಬೇಕು ಅಂದರೆ ಇದನ್ನೂ ಯೋಚಿಸಲಿ.

ಬರ್ಚ್_ಮರ

ಕಡೂರಿನವರೇ, ನೀವು ಮಾಡಿದ್ದು ನನ್ನ ಮಾತಿಗೆ ವಿರುದ್ಧ ಅಲ್ಲವೇ ಅಲ್ಲ. 2010ರ ದಶಕದ ರಷ್ಯಾದ ವಿಶೇಷ ಪಡೆಗಳವರ ಕೈಲಿ ಅದೇ ತರಹದ್ದು ಇತ್ತು. ನಿಮ್ಮ ರೈಫಲ್‌ಗೂ ಒಂದು ಕಾಲ ಇದೆ, ಒಂದು ಜಾಗ ಇದೆ. ಅದಕ್ಕೇ ಫೋಟೊದಲ್ಲಿ ಅಷ್ಟು ಚೆನ್ನಾಗಿ ಕಾಣುತ್ತದೆ. ನನಗೆ ಬೇಸರವಾಗೋದು ಅದೇ ರೈಲನ್ನು ಮರದ ಸ್ಟಾಕ್, ಓರೆ ಬಾಯಿ ಜೊತೆ ಸೇರಿಸಿದಾಗ. ಇದು ಶಿಸ್ತಿನ ಮಾತಲ್ಲ, ಪ್ರೀತಿಯ ಮಾತು. ಆ ರೈಫಲನ್ನು ಯಾರು, ಯಾಕೆ, ಯಾವ ತಗಡಲ್ಲಿ ಮಾಡಿದರು ಅಂತ ತಿಳಿದುಕೊಂಡು ಕಟ್ಟಿದಾಗ ಸಿಗುವ ಖುಷಿಯೇ ಬೇರೆ.

ಒಂದೇ ಎಚ್ಚರಿಕೆ. ಆ ರೈಲುಗಳ ತೂಕ ಮುಂದಕ್ಕೆ ಎಳೆಯುತ್ತದೆ. ಇಡೀ ದಿನ ಹೊರೋರು ಕೊಳ್ಳೋ ಮೊದಲು ಬೇರೆಯವರದನ್ನು ಕೈಲಿ ಹಿಡಿದು ನೋಡಲಿ.

ಹಾಸನದ_ಎಕೆ

ನನಗೆ 1970ರ ಇಝೆವ್‌ಸ್ಕೇ ಇರಲಿ. ತೀರ್ಮಾನ ಆಯ್ತು. ಮರದ ಸೆಟ್ ನಿಜವಾದ ಸೋವಿಯತ್ ಸರ್‌ಪ್ಲಸ್. ನೇರ ಕೂರುತ್ತಾ? ಬಣ್ಣ ಹೋಗಿದೆ, ಅದಕ್ಕೆ ಏನು ಹಚ್ಚಲಿ?

ಬರ್ಚ್_ಮರ

ನೇರ ಕೂರುವುದು ಅಪರೂಪ. ಎಲ್‌ಸಿಟಿ, ಇ ಅಂಡ್ ಎಲ್ ಕಂಪನಿಗಳು ಮಾಡುವ ಎಕೆಗಳ ಅಳತೆ ನಿಜವಾದದ್ದಕ್ಕೆ ಹತ್ತಿರ, ಅವಕ್ಕೆ ಕೆಲಸ ಕಡಿಮೆ. ಬೇರೆಯದಕ್ಕೆ ಸ್ಟಾಕಿನ ಮೂತಿಯನ್ನು ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಬೇಕು. ಮೂತಿಗೆ ಸೀಮೆಸುಣ್ಣ ಬಳಿದು ರಿಸೀವರ್‌ಗೆ ತಳ್ಳಿ ನೋಡಿ. ಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಮಾತ್ರ ಉಜ್ಜಿ. ಜಾಸ್ತಿ ತೆಗೆದರೆ ಮತ್ತೆ ಸೇರಿಸೋಕಾಗಲ್ಲ. ಇನ್ನೊಂದು ತಿಳಿದಿರಲಿ: ಬ್ಯಾಟರಿ ವೈರ್ ಸ್ಟಾಕ್ ಒಳಗೆ ಹೋಗುವ ಮಾದರಿಯಾದರೆ ಗಟ್ಟಿ ಮರದ ಸ್ಟಾಕನ್ನು ಕೊರೆಯಬೇಕಾಗುತ್ತದೆ. ಬ್ಯಾಟರಿ ಮೇಲಿನ ಮುಚ್ಚಳದ ಕೆಳಗೆ ಕೂರುವ ಮಾದರಿಯಾದರೆ ಆ ಕಷ್ಟ ಇಲ್ಲ.

ಬಣ್ಣಕ್ಕೆ ವಾರ್ನಿಷ್ ಬೇಡ. ಅರಗು ಹಚ್ಚಿ. ಹಳೇ ಸೋವಿಯತ್ ಎಕೆಗಳ ಮರಕ್ಕೆ ಆ ಕೆಂಪು ಕಿತ್ತಳೆ ಹೊಳಪು ಬಂದದ್ದು ಶೆಲ್ಯಾಕ್‌ನಿಂದ. ಶೆಲ್ಯಾಕ್ ಅಂದರೆ ನಮ್ಮ ಅರಗೇ, ಅರಗಿನ ಹುಳದಿಂದ ಬರುವುದು. ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಆ ಬಿಸಿಗೆ ಕರಗಿಸಿ, ತಾಳೆಗರಿಯಿಂದ ತಿಕ್ಕಿ ಹೊಳಪು ತರುತ್ತಾರಲ್ಲ, ಅದೇ ವಸ್ತು. ನಮ್ಮ ಕೆಲಸದಲ್ಲಿ ಮಾತ್ರ ಅದನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುತ್ತೇವೆ.

ಹಳೇ ಲೇಪ ಸ್ಪಿರಿಟ್ ಬಟ್ಟೆಯಿಂದ ತೆಗೆಯಿರಿ. 180ರ ಉಪ್ಪುಕಾಗದ, ಆಮೇಲೆ 240, 320, ಯಾವಾಗಲೂ ಮರದ ಎಳೆಯ ಉದ್ದಕ್ಕೆ. ನೆಗ್ಗುಗಳನ್ನು ಪೂರ್ತಿ ತೆಗೆಯಬೇಡಿ. ಅವು ಆ ಮರ ಕಂಡ ಕಾಲ. ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 120 ಗ್ರಾಂ ಚಕ್ಕೆ ಅರಗು. ನಿಮಗೆ ಬೇಕಾಗೋದು ಅದರಲ್ಲಿ ಸ್ವಲ್ಪವೇ. ಇಂಗ್ಲೆಂಡಿನ ಅಂಗಡಿಗಳಲ್ಲಿ ಸಿಗುವ ಮೆಥಿಲೇಟೆಡ್ ಸ್ಪಿರಿಟ್ ನೇರಳೆ ಬಣ್ಣದ್ದು, ಬಣ್ಣವಿಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ರಾತ್ರಿಯಿಡೀ ಕರಗಲಿ. ಬಟ್ಟೆ ಉಂಡೆಯಿಂದ ತೆಳುವಾಗಿ ಹಚ್ಚಿ, ಒಣಗಿಸಿ, ಮತ್ತೆ ಹಚ್ಚಿ. ಒಂದೇ ಸಲ ದಪ್ಪಗೆ ಬಳಿದರೆ ಜಿಗುಟಾಗುತ್ತದೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ.

ಅರಗಿಗೆ ಆಗದೇ ಇರೋದು ಎರಡು: ಸ್ಪಿರಿಟ್ ಮತ್ತು ನಿಂತ ನೀರು. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿಯಬೇಡಿ. ಮಳೆಯಲ್ಲಿ ಆಡಿದ ಮೇಲೆ ಒರೆಸಿಡಿ, ಇಲ್ಲದಿದ್ದರೆ ಬಿಳಿ ಮಚ್ಚೆ ಬೀಳುತ್ತದೆ. ಆದರೆ ಮಚ್ಚೆ ಬಿದ್ದರೂ ಇನ್ನೊಂದು ಕೈ ಅರಗು ಎಳೆದರೆ ಸರಿಯಾಗುತ್ತದೆ.

ಟೆಕ್ಸಾಸ್_ತುಮಕೂರು

ಅರಗಿನ ವಿಷಯ ಓದಿ ಮನಸ್ಸು ತುಂಬಿತು. ಲೋಹದ ಭಾಗ ಹಳೆಯದಾಗಿ ಕಾಣೋಕೆ ಏನು ಮಾಡಬೇಕು? ಕೆಲವರು ಇಡೀ ಗನ್ ಉಪ್ಪುಕಾಗದದಿಂದ ಉಜ್ಜಿಬಿಡ್ತಾರೆ.

ಮ್ಯೂನಿಕ್_ಮಲೆನಾಡು

ಹಾಗೆ ಮಾಡಿದರೆ ಸುಳ್ಳು ಅಂತ ತಕ್ಷಣ ಗೊತ್ತಾಗುತ್ತದೆ. ಎಕೆ ಎಲ್ಲಿ ಸವೆಯುತ್ತದೆ ಅಂತ ನೋಡಿ. ಸೆಲೆಕ್ಟರ್ ಲಿವರ್ ಮೇಲೆ ಕೆಳಗೆ ಆಡಿ ರಿಸೀವರ್ ಮೇಲೆ ಬಿಲ್ಲಿನಂತೆ ಒಂದು ಗೆರೆ ಬೀಳುತ್ತದೆ. ಎಕೆಯ ಗುರುತೇ ಅದು. ಆಮೇಲೆ ಮ್ಯಾಗಜೀನ್ ಬಾಯಿಯ ಅಂಚು, ಮುಚ್ಚಳದ ಉಬ್ಬುಗಳ ನೆತ್ತಿ, ಮುಂದಿನ ಸೈಟಿನ ಕಿವಿಗಳು. ಅಷ್ಟು ಸಾಕು. ಸೆಲೆಕ್ಟರ್ ಗೆರೆಯನ್ನಂತೂ ಕೈಯಿಂದ ಮಾಡಲೇಬೇಡಿ, ಆಡ್ತಾ ಆಡ್ತಾ ಬರಲಿ. ಕೋಲ್ಡ್ ಬ್ಲೂ (ಉಕ್ಕನ್ನು ಕಪ್ಪಾಗಿಸುವ ದ್ರಾವಣ) ಹಚ್ಚುವ ಮೊದಲು ಅಯಸ್ಕಾಂತ ಇಟ್ಟು ನೋಡಿ. ಉಕ್ಕಿಗೆ ಮಾತ್ರ ಅದು ಹಿಡಿಯುತ್ತದೆ. ಝಿಂಕ್ ಎರಕದ ಭಾಗಕ್ಕೆ ಸರಿಯಾಗಿ ಹಿಡಿಯಲ್ಲ. ಬಣ್ಣ ಹೋದ ಉಕ್ಕಿಗೆ ಆಟ ಮುಗಿದ ದಿನವೇ ತೆಳುವಾಗಿ ಎಣ್ಣೆ ಒರೆಸಿ, ತುಕ್ಕು ಬೇಗ ಹಿಡಿಯುತ್ತದೆ.

ಬೆಂಗಳೂರು_ಬಸವನಗುಡಿ

ನಾನು ಈ ಚರ್ಚೆಯನ್ನು ಬೆಂಗಳೂರಿಂದ ಓದ್ತಿದ್ದೀನಿ. ನನಗೆ ಎಕೆ-203 ಇಷ್ಟ. ನಮ್ಮ ಸೇನೆಗೆ ಅಮೇಥಿಯ ಕೋರ್ವಾದಲ್ಲಿ ಮಾಡ್ತಿರೋದು ಅದೇ, 2021ರ ಒಪ್ಪಂದ 6 ಲಕ್ಷಕ್ಕೂ ಹೆಚ್ಚು ರೈಫಲ್‌ಗಳದು. ಅದರ ಏರ್‌ಸಾಫ್ಟ್ ಮಾಡಿಸಿ ಯಾರಾದರೂ ಊರಿಗೆ ಬರುವಾಗ ತಂದುಕೊಡೋಕಾಗುತ್ತಾ?

ಟೆಕ್ಸಾಸ್_ತುಮಕೂರು

ದಯವಿಟ್ಟು ಬೇಡ ತಮ್ಮ. ಯಾರನ್ನೂ ಕೇಳಲೂ ಬೇಡ. ಭಾರತದ 2016ರ ಆರ್ಮ್ಸ್ ರೂಲ್ಸ್‌ನಲ್ಲಿ ನಕಲು ಬಂದೂಕುಗಳ ಪ್ರಸ್ತಾಪವೂ ಇದೆ. ಎಕೆ ಆಕಾರದ ಉಕ್ಕಿನ ವಸ್ತು ಲಗೇಜಿನಲ್ಲಿ ಸಿಕ್ಕರೆ ತಂದವರಿಗೆ ವಿಮಾನ ನಿಲ್ದಾಣದಲ್ಲೇ ದೊಡ್ಡ ತೊಂದರೆ. ನಿನಗೆ ಆ ರೈಫಲ್ ಮೇಲೆ ಪ್ರೀತಿ ಇದ್ದರೆ ಚಿಕ್ಕ ಅಳತೆಯ ಮಾಡೆಲ್ ಕಟ್ಟು. ಕಂಪ್ಯೂಟರ್‌ನಲ್ಲಿ ಅದರ ಭಾಗಗಳನ್ನು ಬಿಡಿಸಿ ನೋಡು. ಎಕೆ-203ರ ಸ್ಟಾಕ್ ಉದ್ದ ಗಿಡ್ಡ ಆಗುತ್ತೆ, ಪಕ್ಕಕ್ಕೂ ಮಡಚುತ್ತೆ, ಮುಚ್ಚಳದ ಮೇಲೆ ರೈಲ್ ಇದೆ. ಕಲಿಯೋಕೆ ಬೇಕಾದಷ್ಟಿದೆ.

ಇಲ್ಲಿ ಅಮೆರಿಕದಲ್ಲಿರೋರಿಗೂ ಒಂದು ಮಾತು. ಇಲ್ಲಿ ಮಾರೋ ಏರ್‌ಸಾಫ್ಟ್‌ಗೆ ಕಿತ್ತಳೆ ತುದಿ ಇರಬೇಕು ಅನ್ನೋದು ಫೆಡರಲ್ ನಿಯಮ. ನೋಟ ಕೆಡುತ್ತೆ ಅಂತ ಕೆಲವರು ತೆಗೀತಾರೆ. 2014ರಲ್ಲಿ ಕ್ಲೀವ್‌ಲೆಂಡ್‌ನ ಪಾರ್ಕಿನಲ್ಲಿ 12 ವರ್ಷದ ತಮೀರ್ ರೈಸ್‌ಗೆ ಪೊಲೀಸರು ಗುಂಡು ಹೊಡೆದರು. ಮರುದಿನ ಆ ಮಗು ತೀರಿಕೊಂಡಿತು. ಅವನ ಹತ್ತಿರ ಇದ್ದದ್ದು ಕಿತ್ತಳೆ ತುದಿ ಇಲ್ಲದ ಏರ್‌ಸಾಫ್ಟ್ ಆಟಿಕೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇಡಬೇಕು. ಮನೆ ಮುಂದೆ, ಬಾಲ್ಕನಿಯಲ್ಲಿ, ಕಾರಿನ ಸೀಟ್ ಮೇಲೆ ಇಟ್ಟುಕೊಂಡು ಫೋಟೊ ತೆಗೆಯಬಾರದು.

ಬೆಂಗಳೂರು_ಬಸವನಗುಡಿ

ಅರ್ಥ ಆಯ್ತು ಅಣ್ಣ. ಮಾಡೆಲ್ಲೇ ಕಟ್ಟುತ್ತೇನೆ.

ಹಾಸನದ_ಎಕೆ

ಹೊಸ ಸುದ್ದಿ. ಬಿಚ್ಚಿದೆ. ಒಸಾಕಾ ಅಕ್ಕ ಹೇಳಿದ್ದೇ ಸರಿ. ಹಾಪ್ ರಬ್ಬರ್ ಮೇಲೆ ಎಣ್ಣೆ ಮೆತ್ತಿತ್ತು, ಪಿಸ್ಟನ್ ಹೆಡ್ ಒ-ರಿಂಗ್ ಸಡಿಲ ಇತ್ತು. ಎರಡೂ ಬದಲಿಸಿ ಎಂ100 ಹಾಕಿದೆ. ಈಗ ಕ್ರೋನೊ 0.98, 1.00, 0.99 ಜೂಲ್ ಹೀಗೆ ಅಲ್ಲಲ್ಲೇ ನಿಲ್ಲುತ್ತದೆ. ಬಿಬಿ ನೇರ ಹೋಗುತ್ತಿದೆ, 6.03 ಬ್ಯಾರಲ್ ಕಾರ್ಟಿಂದ ತೆಗೆದೆ. ಮರ ಉಜ್ಜಿ ಆಯ್ತು, ಅರಗು ಹಚ್ಚುತ್ತಿದ್ದೇನೆ.

ಉಳಿದದ್ದು ಒಂದೇ. ಆಟೊದಲ್ಲಿ ಹೊಡೆದಾಗ ನಡುವೆ ಬಿಬಿ ಬರಲ್ಲ, ಖಾಲಿ ಹೊಡೆಯುತ್ತೆ. ಮ್ಯಾಗಜೀನ್ ಕೈಯಿಂದ ಮೇಲಕ್ಕೆ ಒತ್ತಿ ಹಿಡಿದರೆ ಸರಿಯಾಗಿ ಬರುತ್ತೆ. 7.4 ವೋಲ್ಟ್ ಲಿಪೊ ಬ್ಯಾಟರಿ ಬಳಸುತ್ತಿದ್ದೇನೆ.

ಒಸಾಕಾ_ಉಡುಪಿ

ಒಳ್ಳೇ ಸುದ್ದಿ ಕೊಟ್ಟಿರಿ. 7.4 ವೋಲ್ಟೇ ಸಾಕು, ಏರಿಸಬೇಡಿ. ಆಡದ ವಾರಗಳಲ್ಲಿ ಒಂದೊಂದು ಸೆಲ್ 3.8 ವೋಲ್ಟ್ ಹತ್ತಿರ ಇರುವಂತೆ ಇಡಿ, ಉಬ್ಬಿದ ಬ್ಯಾಟರಿ ಬಳಸಬೇಡಿ.

ಮ್ಯಾಗಜೀನ್ ಒತ್ತಿದಾಗ ಸರಿ ಬರುತ್ತೆ ಅಂದರೆ ಅದರ ಬಾಯಿ ಹಾಪ್ ಯೂನಿಟ್‌ಗೆ ಪೂರ್ತಿ ಮುಟ್ಟುತ್ತಿಲ್ಲ. ಎಕೆ ಮ್ಯಾಗಜೀನ್ ಮುಂದಿನ ಕೊಕ್ಕೆ ಮೊದಲು ಸಿಕ್ಕಿಸಿ ಹಿಂದಕ್ಕೆ ತೂಗಿಸಿ ಹಾಕೋದಲ್ವಾ, ಹಿಂದಿನ ಲ್ಯಾಚ್ ಹಿಡಿಯುವ ತುಟಿಯ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಗಟ್ಟಿ ಪ್ಲಾಸ್ಟಿಕ್ ಚೂರು ಅಂಟಿಸಿ ನೋಡಿ. ಮೊದಲು ಟೇಪ್ ಸುತ್ತಿ ಪರೀಕ್ಷೆ ಮಾಡಿ, ಸರಿ ಬಂದರೆ ಮಾತ್ರ ಅಂಟು. ಬೇರೆ ಕಂಪನಿಯ ಮ್ಯಾಗಜೀನ್ ಸಿಕ್ಕರೆ ಸ್ನೇಹಿತರದನ್ನು ಹಾಕಿಯೂ ನೋಡಿ, ಮ್ಯಾಗಜೀನ್ ತಪ್ಪೋ ಲ್ಯಾಚ್ ತಪ್ಪೋ ತಕ್ಷಣ ಗೊತ್ತಾಗುತ್ತೆ.

ಬರ್ಚ್_ಮರ

ಕಿತ್ತಳೆ ಮ್ಯಾಗಜೀನ್ ಆರ್ಡರ್ ಮಾಡುವಾಗ 7.62ರದ್ದು ಅಂತ ನೋಡಿ ತೆಗೆದುಕೊಳ್ಳಿ. ಅದರ ಬಾಗು ಜಾಸ್ತಿ. ಎಕೆ-74ರ 5.45 ಮ್ಯಾಗಜೀನ್ ಬಾಗು ಕಡಿಮೆ, ಬಣ್ಣ ಅದೇ ಇರುತ್ತದೆ, ಚಿತ್ರದಲ್ಲಿ ಮೋಸ ಹೋಗೋದು ಸುಲಭ. ಬೇಕಲೈಟ್ ಅಂತ ಎಲ್ಲರೂ ಕರೆದರೂ ಅಸಲಿಯದು ಗಾಜಿನ ಎಳೆ ಸೇರಿಸಿದ ವಸ್ತು. ಅದಕ್ಕೇ ಮೇಲ್ಮೈಯಲ್ಲಿ ಮೋಡದಂಥ ಬಣ್ಣಗಳು ಕಾಣುತ್ತವೆ. ಏರ್‌ಸಾಫ್ಟ್ ಮ್ಯಾಗಜೀನ್ ಒಂದೇ ಬಣ್ಣದ ಪ್ಲಾಸ್ಟಿಕ್ ಆಗಿದ್ದರೆ ಅರಗು ದ್ರಾವಣಕ್ಕೆ ಒಂದು ಚೂರು ಕಂದು ಬಣ್ಣ ಬೆರೆಸಿ ಸ್ಪಂಜಿನಿಂದ ಅಲ್ಲಲ್ಲಿ ತಟ್ಟಿ. ಮೊದಲು ತಳಭಾಗದಲ್ಲಿ ಹಚ್ಚಿ ನೋಡಿ. ಮರಕ್ಕೆ ಮೂರನೇ ಕೈ ಆದ ಮೇಲೆ ಹಗಲು ಬೆಳಕಲ್ಲಿ ಒಂದು ಫೋಟೊ ಹಾಕಿ, ಬಣ್ಣ ಸಾಕೋ ಬೇಕೋ ಅಂತ ಹೇಳುತ್ತೇನೆ.